ವಿಡಿಯೊ ವಿಚಾರಣೆ ಕೇಳಿದರೂ ಕೊಡದೆ ಆದಾಯ ತೆರಿಗೆ ಆದೇಶ ಹೊರಡಿಸಿದರೆ ಏನು ಮಾಡಬೇಕು?

ನೀವು ಬರೆದಿರುವುದು ಇಷ್ಟು: 2023-24ನೇ ಅಸೆಸ್‌ಮೆಂಟ್ ವರ್ಷದ ಸ್ಕ್ರೂಟಿನಿಯಲ್ಲಿ (ರಿಟರ್ನ್‌ನ ವಿವರವಾದ ಪರಿಶೀಲನೆಯಲ್ಲಿ), ಉಳಿತಾಯ ಖಾತೆಗೆ ಕಟ್ಟಿದ 14 ಲಕ್ಷ ರೂಪಾಯಿ ನಗದಿನ ಬಗ್ಗೆ 2025ರ ಮಾರ್ಚ್ 17ಕ್ಕೆ ಶೋಕಾಸ್ (ಕಾರಣ ಕೇಳುವ) ನೋಟಿಸ್ ಬಂತು. ಉತ್ತರಕ್ಕೆ 20ರವರೆಗೆ ಮಾತ್ರ ಸಮಯ. ಸಿಕ್ಕಷ್ಟು ದಾಖಲೆ ಹಾಕಿ ವಿಡಿಯೊ ವಿಚಾರಣೆ ಕೇಳಿದಿರಿ, ಕೊಡಲಿಲ್ಲ. 26ರಂದು ಪೂರ್ತಿ ಮೊತ್ತವನ್ನು ಆದಾಯವೆಂದು ಸೇರಿಸಿದ ಆದೇಶ ಮತ್ತು ಬೇಡಿಕೆ ನೋಟಿಸ್ ಎರಡೂ ಬಂದವು. ಈಗ ಹಣ ಕಟ್ಟಲೇಬೇಕೆ, ನೇರವಾಗಿ ಹೈಕೋರ್ಟ್‌ಗೆ ಹೋಗಬಹುದೆ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಗಡುವಿನ ವಿಷಯ, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ನಿಮ್ಮ ಮುಂದೆ ಎರಡು ಗಡುವುಗಳಿವೆ. ಒಂದು, ಬೇಡಿಕೆ ನೋಟಿಸ್ ತಲುಪಿದ ದಿನ ಬಿಟ್ಟು 30 ದಿನದೊಳಗೆ ಆಯುಕ್ತರ (ಅಪೀಲು) ಮುಂದೆ ಮೇಲ್ಮನವಿ. 26ಕ್ಕೆ ತಲುಪಿದ್ದರೆ ಏಪ್ರಿಲ್ 25 ಕೊನೆಯ ದಿನ. ಇನ್ನೊಂದು, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 156ರ ಬೇಡಿಕೆ ಕಟ್ಟಲು ಅದೇ 30 ದಿನ. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಲು ಸೆಕ್ಷನ್ 220(6)ರಡಿ ಪ್ರತ್ಯೇಕ ಅರ್ಜಿ ಬೇಕು. ಮೇಲ್ಮನವಿ ಹಾಕಿ ನಿಶ್ಚಿಂತೆಯಿಂದ ಕುಳಿತವರಿಗೆ ಕೆಲವು ತಿಂಗಳ ನಂತರ ಬ್ಯಾಂಕ್ ಖಾತೆ ಜಪ್ತಿಯಾದಾಗಲೇ ಇದು ಗೊತ್ತಾಗುತ್ತದೆ.

ಮೊತ್ತದ ಅಂದಾಜು ಮಾಡಿಕೊಳ್ಳಿ. ಮೂಲ ವಿವರಿಸಲಾಗದ ಹಣವೆಂದು ಸೆಕ್ಷನ್ 69ಎ ಅಡಿ ಸೇರಿಸಿದ ಮೊತ್ತಕ್ಕೆ ಸೆಕ್ಷನ್ 115ಬಿಬಿಇ ಪ್ರಕಾರ ಶೇ 60 ತೆರಿಗೆ, ಅದರ ಮೇಲೆ ಶೇ 25 ಸರ್‌ಚಾರ್ಜ್, ಒಟ್ಟಿನ ಮೇಲೆ ಶೇ 4 ಸೆಸ್. ಕೂಡಿಸಿದರೆ ಶೇ 78. ಅಂದರೆ 14 ಲಕ್ಷಕ್ಕೆ 10.92 ಲಕ್ಷ ರೂಪಾಯಿ, ಬಡ್ಡಿ ಬೇರೆ. ಗಡುವು ದಾಟಿದರೆ ಸೆಕ್ಷನ್ 220(2)ರಂತೆ ತಿಂಗಳಿಗೆ ಶೇ 1. ತಿಂಗಳಿನ ಒಂದು ದಿನ ಕಳೆದರೂ ಇಡೀ ತಿಂಗಳ ಲೆಕ್ಕ. ಹಣ ಕೈಬಿಡುವ ಮುಂಚೆ ಹಕ್ಕುಗಳ ಬಗ್ಗೆ ತಿಳಿಯಬೇಕಾದದ್ದು ಇದಕ್ಕೇ.

ಈಗ ಹಕ್ಕಿನ ವಿಷಯ. ಸಂವಿಧಾನದ 265ನೇ ವಿಧಿ ಹೇಳುವಂತೆ ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲ, ವಸೂಲಿ ಮಾಡುವಂತೆಯೂ ಇಲ್ಲ. ಅಧಿಕಾರಿ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟಿಗೆ ಒಳಪಟ್ಟಿಲ್ಲ, ಆದರೆ ಬರೀ ಊಹೆಯ ಮೇಲೆ ಆದಾಯ ನಿಗದಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಢಾಕೇಶ್ವರಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ವಿರುದ್ಧ ಬಳಸುವ ದಾಖಲೆಯನ್ನು ನಿಮಗೆ ತೋರಿಸಬೇಕು, ಉತ್ತರಿಸಲು ಅವಕಾಶ ಕೊಡಬೇಕು ಎಂಬುದನ್ನು 1980ರ ಕಿಶಿನ್‌ಚಂದ್ ಚೆಲ್ಲಾರಾಮ್ ತೀರ್ಪು ಗಟ್ಟಿಯಾಗಿ ಹೇಳಿತು. ಅಧಿಕಾರಿಯನ್ನು ಮುಖಾಮುಖಿ ಕಾಣದೆ ಆನ್‌ಲೈನ್‌ನಲ್ಲೇ ನಡೆಯುವ ಮುಖರಹಿತ ಅಸೆಸ್‌ಮೆಂಟಿನ ಸೆಕ್ಷನ್ 144ಬಿ ಇನ್ನೂ ಸ್ಪಷ್ಟವಾಗಿದೆ. ಆದಾಯಕ್ಕೆ ಪ್ರತಿಕೂಲವಾದ ಬದಲಾವಣೆ ಮಾಡುವ ಮುನ್ನ ಶೋಕಾಸ್ ನೋಟಿಸ್ ಕೊಡಬೇಕು. ತೆರಿಗೆದಾರ ಖುದ್ದು ವಿಚಾರಣೆ ಕೇಳಿದರೆ ವಿಡಿಯೊ ಮೂಲಕ ಅದಕ್ಕೆ ಅವಕಾಶ ಕೊಡಬೇಕು.

ಒಂದು ಎಚ್ಚರಿಕೆ. ವಿಧಾನ ತಪ್ಪಿದರೆ ಆದೇಶವೇ ಇಲ್ಲವೆಂದು ಭಾವಿಸಬೇಕು ಎನ್ನುತ್ತಿದ್ದ 144ಬಿ(9) ಉಪವಿಧಿಯನ್ನು 2022ರ ಹಣಕಾಸು ಕಾಯ್ದೆ, 2021ರ ಏಪ್ರಿಲ್ 1ರಿಂದಲೇ ಅನ್ವಯವಾಗುವಂತೆ ತೆಗೆದುಹಾಕಿದೆ. ಅದನ್ನೇ ನಂಬಿಕೊಂಡ ಹಳೆಯ ಲೇಖನಗಳು ಇನ್ನೂ ಹರಿದಾಡುತ್ತಿವೆ. ತೀರ್ಮಾನಕ್ಕೆ ಮುನ್ನ ಅಹವಾಲು ಕೇಳಬೇಕೆಂಬ ಸಹಜ ನ್ಯಾಯದ ತತ್ವ ಮಾತ್ರ ಹಾಗೇ ಉಳಿದಿದೆ. ಆದರೆ ಈಗ ‘ಅವಕಾಶ ಕೊಡಲಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಕೊಟ್ಟಿದ್ದರೆ ಏನು ಹೇಳುತ್ತಿದ್ದಿರಿ, ಯಾವ ದಾಖಲೆ ಇಡುತ್ತಿದ್ದಿರಿ, ಅದರಿಂದ ಫಲಿತಾಂಶ ಹೇಗೆ ಬದಲಾಗುತ್ತಿತ್ತು ಎಂಬುದನ್ನೂ ತೋರಿಸಬೇಕು. ನ್ಯಾಯಾಲಯ ಕೇಳುವ ಮೊದಲ ಪ್ರಶ್ನೆ ಅದೇ.

ಹಾಗಾಗಿ ಇವತ್ತೇ ಆದಾಯ ತೆರಿಗೆ ಪೋರ್ಟಲ್‌ನ ಇ-ಪ್ರೊಸೀಡಿಂಗ್ಸ್ ತೆರೆದು, 143(2) (ಸ್ಕ್ರೂಟಿನಿ ಆರಂಭದ) ಮತ್ತು 142(1) (ಮಾಹಿತಿ ಕೇಳುವ) ನೋಟಿಸ್‌ಗಳು, ಶೋಕಾಸ್, ನಿಮ್ಮ ಪ್ರತಿ ಉತ್ತರದ ಸ್ವೀಕೃತಿ ಎಲ್ಲವನ್ನೂ ಇಳಿಸಿಕೊಳ್ಳಿ. ವಿಡಿಯೊ ವಿಚಾರಣೆ ಕೇಳಿದ್ದಕ್ಕೆ ದಿನಾಂಕ, ಸಮಯ ಇರುವ ಪುರಾವೆಯೇ ನಿಮ್ಮ ಪ್ರಕರಣದ ಬೆನ್ನೆಲುಬು. ಉತ್ತರದ ಪಠ್ಯದ ನಡುವೆ ಒಂದು ಸಾಲು ಬರೆದಿದ್ದರೆ ಆ ಪುಟ, ಪ್ರತ್ಯೇಕ ಬಟನ್ ಒತ್ತಿದ್ದರೆ ಆ ಪರದೆಯ ಚಿತ್ರ ಇಟ್ಟುಕೊಳ್ಳಿ. ಆಮೇಲೆ ಆದೇಶವನ್ನು ಕೈಯಲ್ಲಿ ಪೆನ್ ಹಿಡಿದು ಓದಿ. ನಿಮ್ಮ ಕೋರಿಕೆಯ ಪ್ರಸ್ತಾಪ ಇದೆಯೆ? ನೀವು ಹಾಕಿದ ದಾಖಲೆಗಳ ಬಗ್ಗೆ ಒಂದಾದರೂ ವಾಕ್ಯ ಇದೆಯೆ, ಇಲ್ಲವೆ ‘ಉತ್ತರ ತೃಪ್ತಿಕರವಾಗಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆಯೆ? ಶೋಕಾಸ್‌ನಲ್ಲಿ ಹೇಳದ ಮೊತ್ತವನ್ನೋ ಹೊಸ ಕಾರಣವನ್ನೋ ಸೇರಿಸಿದ್ದಾರೆಯೆ? ಬೇರೆಯವರ ಹೇಳಿಕೆ ಬಳಸಿದ್ದರೆ ಅದರ ಪ್ರತಿ ಕೊಟ್ಟಿದ್ದಾರೆಯೆ? ಇವು ಒಂದೊಂದೂ ಬೇರೆ ಬೇರೆ ಆಕ್ಷೇಪ.

ಮೂರೇ ದಿನ ಏಕೆ ಕೊಟ್ಟರು ಎಂಬುದಕ್ಕೂ ಕಾರಣ ಇದೆ. 2023-24ರ ಅಸೆಸ್‌ಮೆಂಟ್ ಮುಗಿಸಲು ಸೆಕ್ಷನ್ 153ರಡಿ ಇಲಾಖೆಗೆ ಇದ್ದ ಕೊನೆಯ ದಿನ 2025ರ ಮಾರ್ಚ್ 31. ವರ್ಷವಿಡೀ ಸುಮ್ಮನಿದ್ದ ಕಡತ ಮಾರ್ಚ್‌ನಲ್ಲಿ ಎಚ್ಚೆತ್ತರೆ ಆ ಆತುರದ ಬೆಲೆಯನ್ನು ತೆರಿಗೆದಾರ ತೆರಬೇಕಿಲ್ಲ. ಹಿಂದಿನ ನೋಟಿಸ್ ಯಾವ ತಿಂಗಳಲ್ಲಿ ಬಂದಿತ್ತು, ನೀವು ಯಾವಾಗ ಉತ್ತರಿಸಿದಿರಿ, ಆಮೇಲೆ ಎಷ್ಟು ತಿಂಗಳು ಮೌನ ಎಂಬ ದಿನಾಂಕಗಳ ಪಟ್ಟಿ ಮಾಡಿ. ಅರ್ಧ ಪುಟದ ಆ ಪಟ್ಟಿ ಹತ್ತು ಪುಟದ ವಾದಕ್ಕಿಂತ ಬಲವಾದದ್ದು. ವಿಳಂಬ ನಿಮ್ಮದೇ ಆಗಿದ್ದರೆ, ಎರಡು ನೋಟಿಸ್‌ಗಳಿಗೆ ಉತ್ತರಿಸದೇ ಇದ್ದಿದ್ದರೆ, ಇದೇ ಪಟ್ಟಿ ನಿಮಗೆ ತಿರುಗುಬಾಣವಾಗುತ್ತದೆ ಎಂಬುದನ್ನೂ ನೆನಪಿಡಿ.

ಮೇಲ್ಮನವಿ ಫಾರ್ಮ್ 35ರಲ್ಲಿ. ನಿರ್ಧರಿಸಿದ ಆದಾಯ 2 ಲಕ್ಷ ರೂಪಾಯಿ ಮೀರಿದ್ದರೆ ಶುಲ್ಕ 1,000 ರೂಪಾಯಿ. ರಿಟರ್ನ್‌ನಲ್ಲಿ ನೀವೇ ಒಪ್ಪಿದ ಆದಾಯದ ತೆರಿಗೆ ಬಾಕಿ ಇದ್ದರೆ ಮೊದಲು ಕಟ್ಟಿ, ಇಲ್ಲದಿದ್ದರೆ ಸೆಕ್ಷನ್ 249(4)ರಂತೆ ಮೇಲ್ಮನವಿಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆಧಾರಗಳನ್ನು ಬರೆಯುವಾಗ ವಿಧಾನದ ದೋಷವನ್ನೂ ಹಣದ ಮೂಲವನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಬೇಡಿ. ‘17-3-2025ರ ನೋಟಿಸ್‌ಗೆ ಮೂರು ದಿನ ಮಾತ್ರ ಕೊಟ್ಟು, 20-3-2025ರಂದು ಲಿಖಿತವಾಗಿ ಕೇಳಿದ ವಿಚಾರಣೆಯನ್ನು ಕಾರಣ ದಾಖಲಿಸದೆ ನಿರಾಕರಿಸಿದ್ದು ಸೆಕ್ಷನ್ 144ಬಿ(6)ಕ್ಕೆ ಮತ್ತು ಸಹಜ ನ್ಯಾಯಕ್ಕೆ ವಿರುದ್ಧ’ ಎಂಬುದು ಒಂದು ಆಧಾರ. 14 ಲಕ್ಷ ಎಲ್ಲಿಂದ ಬಂತು ಎಂಬುದು ಇನ್ನೊಂದು.

ಇಲ್ಲಿ ಅನೇಕರು ಗಮನಿಸದ ಒಂದು ಕೊಂಡಿ ಇದೆ. ಅಸೆಸ್‌ಮೆಂಟ್ ವೇಳೆ ಕೊಡದ ಹೊಸ ಸಾಕ್ಷ್ಯವನ್ನು ಮೇಲ್ಮನವಿಯಲ್ಲಿ ಇಡಲು ಆದಾಯ ತೆರಿಗೆ ನಿಯಮಾವಳಿಯ ನಿಯಮ 46ಎ ನಾಲ್ಕು ಸಂದರ್ಭಗಳಲ್ಲಿ ಮಾತ್ರ ಬಿಡುತ್ತದೆ. ಸಾಕಷ್ಟು ಅವಕಾಶ ಕೊಡದೆ ಆದೇಶ ಮಾಡಿರುವುದು ಆ ನಾಲ್ಕರಲ್ಲಿ ಒಂದು. ಅಂದರೆ ಮೂರು ದಿನದ ನೋಟಿಸ್ ಬರೀ ದೂರಲ್ಲ, ಬ್ಯಾಂಕ್‌ನಿಂದ ತಡವಾಗಿ ಸಿಕ್ಕ ಸ್ಟೇಟ್‌ಮೆಂಟ್, ಪಹಣಿ, ಎಪಿಎಂಸಿ ರಸೀದಿ, ಜಮೀನು ಮಾರಾಟದ ಕ್ರಯಪತ್ರ, ಹಿಂದೆ ಖಾತೆಯಿಂದ ತೆಗೆದ ನಗದಿನ ವಿವರ ಎಲ್ಲವೂ ಒಳಗೆ ಬರಲು ಇರುವ ಬಾಗಿಲು ಅದೇ. 46ಎ ಅರ್ಜಿಯನ್ನು ಪ್ರತ್ಯೇಕವಾಗಿ ಹಾಕಿ, ಪ್ರತಿ ದಾಖಲೆಯ ಎದುರು ಮೊದಲೇ ಏಕೆ ಕೊಡಲಾಗಲಿಲ್ಲ ಎಂದು ಒಂದು ಸಾಲು ಬರೆಯಿರಿ.

ಆದೇಶದ ಮೊದಲ ಪುಟದಲ್ಲಿ ಯಾವ ಸೆಕ್ಷನ್ ಇದೆ ನೋಡಿ. 143(3) (ಸ್ಕ್ರೂಟಿನಿ ನಂತರದ ಸಾಮಾನ್ಯ ಆದೇಶ) ಆಗಿದ್ದರೆ ಅಪೀಲು ಆಯುಕ್ತರು ಅದನ್ನು ರದ್ದುಮಾಡಿ ಹೊಸದಾಗಿ ಮಾಡಲು ಅಧಿಕಾರಿಗೆ ವಾಪಸ್ ಕಳಿಸುವಂತಿಲ್ಲ. ಆ ಅಧಿಕಾರ 2024ರ ಅಕ್ಟೋಬರ್ 1ರಿಂದ ಸೆಕ್ಷನ್ 144ರ ಆದೇಶಗಳಿಗೆ (ತೆರಿಗೆದಾರ ಸ್ಪಂದಿಸದಿದ್ದಾಗ ಅಧಿಕಾರಿ ತಾನೇ ಅಂದಾಜಿಸಿ ಮಾಡುವವು) ಮಾತ್ರ ಸಿಕ್ಕಿದೆ. ಆದ್ದರಿಂದ 143(3) ಪ್ರಕರಣದಲ್ಲಿ ‘ವಾಪಸ್ ಕಳಿಸಿ’ ಎಂದು ಕೇಳದೆ, ಸಾಕ್ಷ್ಯ ಒಪ್ಪಿ ಸೇರ್ಪಡೆಯನ್ನೇ ತೆಗೆಯಿರಿ ಎಂದು ಕೇಳಬೇಕು. ಅಲ್ಲೂ ವಿಡಿಯೊ ವಿಚಾರಣೆ ಕೇಳಿ. 2021ರ ಮುಖರಹಿತ ಅಪೀಲು ಯೋಜನೆಯಲ್ಲಿ ಕೇಳಿದವರಿಗೆ ಕೊಡಬೇಕು ಎಂದಿದೆ. ‘ಮೇಲ್ಮನವಿಯಲ್ಲಿ ಹೇಗೂ ಅವಕಾಶ ಸಿಕ್ಕಿತಲ್ಲ’ ಎಂದು ಮೊದಲ ಹಂತದ ತಪ್ಪನ್ನು ಮುಚ್ಚಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2001ರ ಟಿನ್ ಬಾಕ್ಸ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ಮುಂದೆ ಎರಡನೇ ಮೇಲ್ಮನವಿ ಕೇಳುವ ಟ್ರಿಬ್ಯುನಲ್‌ನಲ್ಲಿ ಇದು ನೆರವಿಗೆ ಬರುತ್ತದೆ, ಹಾಗಾಗಿ ಆ ಆಧಾರವನ್ನು ಎಲ್ಲೂ ಕೈಬಿಡಬೇಡಿ.

ಇನ್ನು ಹೈಕೋರ್ಟ್. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಮೇಲ್ಮನವಿಯ ದಾರಿ ಇದ್ದರೂ ಸಹಜ ನ್ಯಾಯದ ಉಲ್ಲಂಘನೆ ಇದ್ದರೆ ರಿಟ್‌ಗೆ ಅಡ್ಡಿಯಿಲ್ಲ ಎಂಬುದು 1998ರ ವರ್ಲ್‌ಪೂಲ್ ತೀರ್ಪಿನಿಂದ ನೆಲೆಯೂರಿದ ತತ್ವ. ವಿಚಾರಣೆ ಕೇಳಿದ ಲಿಖಿತ ಪುರಾವೆ ಇದ್ದು ಆದೇಶದಲ್ಲಿ ಅದರ ಸುಳಿವೇ ಇಲ್ಲದಿದ್ದರೆ ನಿಮ್ಮದು ಯೋಗ್ಯ ಪ್ರಕರಣ ಎಂದೇ ನನ್ನ ಅಭಿಪ್ರಾಯ. ಆದರೆ ಗೆದ್ದರೂ ಸಾಮಾನ್ಯವಾಗಿ ಸಿಗುವುದು ಆದೇಶ ರದ್ದಾಗಿ ಹೊಸ ವಿಚಾರಣೆ ಅಷ್ಟೇ, ತೆರಿಗೆ ಮನ್ನಾ ಅಲ್ಲ. ಹಣದ ಮೂಲಕ್ಕೆ ಗಟ್ಟಿ ದಾಖಲೆ ಇಲ್ಲದವರು ರಿಟ್‌ಗೆ ಖರ್ಚು ಮಾಡಿ, ಆರು ತಿಂಗಳ ನಂತರ ಅದೇ 14 ಲಕ್ಷದ ಸೇರ್ಪಡೆಯನ್ನು ಮತ್ತೆ ಎದುರಿಸಬೇಕಾಗಬಹುದು. ರಿಟ್ ಯೋಚನೆಯಲ್ಲಿರುವಾಗಲೂ ಏಪ್ರಿಲ್ 25 ಕೈತಪ್ಪದಂತೆ ನೋಡಿಕೊಳ್ಳಿ. ವಿಳಂಬ ಮನ್ನಿಸುವ ಅಧಿಕಾರ 249(3)ರಲ್ಲಿ ಇದೆಯಾದರೂ ಅದು ಅಧಿಕಾರಿಯ ವಿವೇಚನೆ.

ವಸೂಲಿ ನಿಲ್ಲಿಸಲು ಕೇಳುವ 220(6)ರ ತಡೆ ಅರ್ಜಿಯನ್ನು ನಿಮ್ಮ ವ್ಯಾಪ್ತಿಯ ಅಸೆಸಿಂಗ್ ಅಧಿಕಾರಿಗೆ ಕೊಡಿ. ಮೇಲ್ಮನವಿಯ ಸ್ವೀಕೃತಿ, ಬಲವಾದ ಎರಡು ಮೂರು ಅಂಶ, ಆರ್ಥಿಕ ಸಂಕಷ್ಟಕ್ಕೆ ದಾಖಲೆ, ಇಷ್ಟು ಇರಲಿ. ಪೋರ್ಟಲ್‌ನ ಬಾಕಿ ಬೇಡಿಕೆ ವಿಭಾಗದಲ್ಲೂ ‘ಒಪ್ಪುವುದಿಲ್ಲ’ ಎಂದು ದಾಖಲಿಸಿ. ಶೇ 20 ಕಟ್ಟಿದರೆ ಉಳಿದದ್ದಕ್ಕೆ ತಡೆ ಎನ್ನುತ್ತಾರೆ. ಇದು ನೇರ ತೆರಿಗೆ ಮಂಡಳಿಯ 2016ರ ಫೆಬ್ರವರಿ 29ರ ಮೆಮೊದಿಂದ ಬಂದದ್ದು. ಆಗ ಶೇ 15 ಇದ್ದದ್ದನ್ನು 2017ರ ಜುಲೈ 31ಕ್ಕೆ 20 ಮಾಡಿದರು. ನಿಮ್ಮ ಲೆಕ್ಕದಲ್ಲಿ ಬಡ್ಡಿ ಬಿಟ್ಟು ಸುಮಾರು 2.18 ಲಕ್ಷ. ಇದು ಕಾಯ್ದೆಯ ಅಂಕಿಯಲ್ಲ. ಅದಕ್ಕಿಂತ ಕಡಿಮೆ ಮೊತ್ತಕ್ಕೂ ತಡೆ ಕೊಡಬಹುದು ಎಂದು 2018ರ ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ, ಅರ್ಜಿಯಲ್ಲಿ ಅದನ್ನು ಹೆಸರಿಸಿ. ಕಂತು ಕೇಳಲೂ ಹಿಂಜರಿಯಬೇಡಿ. ತಿರಸ್ಕರಿಸಿದರೆ ಕಾರಣ ಇರುವ ಲಿಖಿತ ಆದೇಶ ಕೇಳಿ, ಪ್ರಧಾನ ಆಯುಕ್ತರಿಗೆ ಮರುಪರಿಶೀಲನೆಗೆ ಹೋಗಿ. ತಡೆ ಸಿಕ್ಕಿದರೂ ಶೇ 1 ಬಡ್ಡಿ ಲೆಕ್ಕ ನಿಲ್ಲುವುದಿಲ್ಲ. ಮೇಲ್ಮನವಿಯಲ್ಲಿ ತೆರಿಗೆ ಇಳಿದರೆ ಬಡ್ಡಿಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಬೇಡಿಕೆಯಲ್ಲಿ ಟಿಡಿಎಸ್ ಲೆಕ್ಕಕ್ಕೆ ಹಿಡಿದಿಲ್ಲ, ಕೂಡುವಾಗ ತಪ್ಪಿದೆ ಎಂಬಂತಹ ದೋಷ ಕಂಡರೆ ಸೆಕ್ಷನ್ 154ರ ತಿದ್ದುಪಡಿ ಅರ್ಜಿ ಸಾಕು. ಆದರೆ ಅದನ್ನು ಹಾಕಿದ್ದೇನೆ ಎಂದು ಮೇಲ್ಮನವಿಯ 30 ದಿನ ನಿಲ್ಲುವುದಿಲ್ಲ. ತಡೆ ಅರ್ಜಿ ಬಾಕಿ ಇರುವಾಗಲೇ ನಿಮ್ಮ ಖಾತೆಯ ಹಣವನ್ನು ಇಲಾಖೆಗೆ ಕಟ್ಟುವಂತೆ ಸೆಕ್ಷನ್ 226(3)ರಡಿ ಬ್ಯಾಂಕ್‌ಗೆ ನೋಟಿಸ್ ಹೋದರೆ ಅದರ ಪ್ರತಿ ನಿಮಗೂ ಕಳಿಸಬೇಕು. ಬಂದಿಲ್ಲದಿದ್ದರೆ ಬ್ಯಾಂಕ್ ಶಾಖೆಯಿಂದ ಪ್ರತಿ ಪಡೆದು, ತಡೆ ಅರ್ಜಿಯ ಸ್ವೀಕೃತಿ ಜೊತೆಗಿಟ್ಟು ಅದೇ ದಿನ ವಕೀಲರನ್ನು ಕಾಣಿ. ಖಾತೆಯಿಂದ ಹಣ ಇಲಾಖೆಗೆ ಹೋಗುವ ಮುನ್ನ ಸಿಗುವ ತಡೆಯಾಜ್ಞೆಗೂ, ಹೋದ ಹಣವನ್ನು ರೀಫಂಡ್ ಆಗಿ ಕೇಳುವುದಕ್ಕೂ ತಿಂಗಳುಗಟ್ಟಲೆ ಅಂತರವಿದೆ.