ಎರಡನೇ ಶೆಡ್

ಪೀಣ್ಯದಲ್ಲಿ ಸಣ್ಣ ಮೆಷಿನ್ ಶಾಪ್ ಇಟ್ಟವರು, ವಯಸ್ಸು ಐವತ್ತರ ಹತ್ತಿರ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಕೆಲಸದವರು ಕರೆಯುವ ಹಾಗೆ ನಾನೂ ಅವರನ್ನು ಓನರ್ ಎನ್ನುತ್ತೇನೆ.

ನನ್ನ ಹತ್ತಿರ ಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಕರೆದುಕೊಂಡು ಬಂದ ಹೆಂಡತಿಯನ್ನು ಹೊರಗೆ ಕೂರಿಸಿ ಒಬ್ಬರೇ ಒಳಗೆ ಬಂದರು. "ಕಂಪನಿ ಬೆಳೀತಿದೆ ಮೇಡಂ, ಪುರುಸೊತ್ತಿಲ್ಲ ಅಷ್ಟೇ" ಎಂದರು. ಎರಡನೇ ಶೆಡ್ ಬಾಡಿಗೆಗೆ ಹಿಡಿದಿದ್ದರು. ಸಾಲದ ಮೇಲೆ ಇನ್ನೆರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್. ಒಂಬತ್ತು ಜನ ಇದ್ದ ಕಡೆ ಹದಿನೇಳು. ತಿಂಗಳ ಬಿಲ್ಲಿಂಗ್ ಎಷ್ಟು ಎಂದು ಕೇಳಿದಾಗ ಕಿಟಕಿ ಕಡೆ ನೋಡಿದರು. ಎರಡು ವರ್ಷದ ಹಿಂದೆ 14 ಲಕ್ಷ. ಈಗ 9.

ಮುಕ್ಕಾಲು ಪಾಲು ಕೆಲಸ ಒಂದೇ ಗಿರಾಕಿಯದು, ಪೆಟ್ರೋಲ್ ಎಂಜಿನ್ ಬಿಡಿಭಾಗ. "ಆರ್ಡರ್ ಜಾಸ್ತಿ ಬರುತ್ತೆ, ಮೆಷಿನ್ ಹಾಕಿ" ಎಂದು ಬಾಯಿಮಾತಲ್ಲಿ ಹೇಳಿದ್ದ ಅಲ್ಲಿನ ಪರ್ಚೇಸ್ ಮ್ಯಾನೇಜರ್ ಕೆಲಸ ಬಿಟ್ಟು ಹೋಗಿದ್ದ. ದುಡ್ಡು ಬರಲು ಮೂರು ತಿಂಗಳು.

ಶೆಡ್ ಬಿಟ್ಟುಬಿಡಬಹುದಲ್ವಾ ಎಂದೆ. ತುಂಬಾ ಹೊತ್ತು ಸುಮ್ಮನಿದ್ದರು.

"ಆಯುಧ ಪೂಜೆ ದಿನ ಊರಿಂದ ಎಲ್ಲರನ್ನೂ ಕರೆಸಿ, ಬೂದುಗುಂಬಳ ಒಡೆದು ಓಪನ್ ಮಾಡಿದ್ದು. ಈಗ ಬೀಗ ಹಾಕಿದ್ರೆ ನಮ್ಮಣ್ಣ ಏನಂತಾನೆ?"

ಕೆಲಸ ಬಿಟ್ಟು ಸ್ವಂತ ಶಾಪ್ ಹಾಕಿದಾಗ ಬೇಡ ಎಂದವರು ಆ ಅಣ್ಣ. ನಿದ್ದೆ ಕೆಟ್ಟಿದ್ದು ಇಲ್ಲಿ ಎಂದು ನನಗನ್ನಿಸಿತು. ಸಾಲಕ್ಕೆ ಲೆಕ್ಕವಿದೆ, ಅಣ್ಣನ ಮಾತಿಗೆ ಇಲ್ಲ.

ನಾನು ಆಡಿಟರ್ ಅಲ್ಲ, ಅದನ್ನು ಮೊದಲೇ ಹೇಳಿದೆ. ಕೊಟ್ಟ ಕೆಲಸ ಒಂದೇ: ಒಂದೊಂದು ಪಾರ್ಟ್‌ಗೂ ಸೆಟ್ಟಿಂಗ್ (ಮೆಷಿನ್ ಸಿದ್ಧ ಮಾಡುವ ಹೊತ್ತು) ಸೇರಿಸಿ ಎಷ್ಟು ಗಂಟೆ ಹಿಡಿಯುತ್ತದೆ, ಖರ್ಚು ಕಳೆದು ಗಂಟೆಗೆ ಎಷ್ಟು ಉಳಿಯುತ್ತದೆ, ಬರೆದು ತನ್ನಿ. ಮುಂದಿನ ಸಲ ಪುಸ್ತಕ ಹಿಡಿದು ಬಂದರು, ಮುಖ ಬೇರೆಯೇ ಆಗಿತ್ತು. ಹಾಲಿನ ಯಂತ್ರಗಳಿಗೆ ನಲವತ್ತು ನಲವತ್ತು ಸ್ಟೀಲ್ ಬುಷ್ ಕೇಳುವ ಸಣ್ಣ ಗಿರಾಕಿಯ ಕೆಲಸದಲ್ಲೇ ಹೆಚ್ಚು ಉಳಿಯುತ್ತಿತ್ತು. ದೊಡ್ಡ ಗಿರಾಕಿಗೋಸ್ಕರ ಇವರು ಪ್ರತಿ ಸಲ ಹಿಂದಕ್ಕೆ ತಳ್ಳುತ್ತಿದ್ದದ್ದು ಅದನ್ನೇ.

"ಮೆಷಿನ್ ನಿಲ್ಲಬಾರದು, ಸಿಕ್ಕ ರೇಟಿಗೆ ಕೆಲಸ ಹಿಡೀತೀನಿ" ಎಂಬ ಹಟ ಮಾತ್ರ ಬಿಟ್ಟಿರಲಿಲ್ಲ. ಟೂಲು, ಕರೆಂಟು, ಆಪರೇಟರ್ ಸಂಬಳ ಹುಟ್ಟದ ರೇಟಿಗೆ ಓಡುವ ಮೆಷಿನ್ ನಿಂತದ್ದಕ್ಕಿಂತ ಕಡೆ ಎಂದೆ. ಒಮ್ಮೆ ಇಳಿಸಿದ ರೇಟನ್ನು ಪರ್ಚೇಸ್‌ನವರು ಮರೆಯುವುದೂ ಇಲ್ಲ.

ದೊಡ್ಡ ಗಿರಾಕಿ ಕೊಡಬೇಕಾದ ಬಾಕಿಯ ಮಾತು ಬಂತು. ಇವರಿಗೆ ಉದ್ಯಮ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಇದೆ. ಇಂಥ ಉದ್ಯಮಗಳಿಗೆಂದೇ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದ ಏನೇ ಇರಲಿ, ದುಡ್ಡು ಕೊಡುವುದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಓನರ್ ನಕ್ಕರು: "ಕೇಸ್ ಹಾಕಿದ್ರೆ ನಾಳೆಯಿಂದ ಆರ್ಡರೇ ಬರಲ್ಲ ಮೇಡಂ." ಸುಳ್ಳಲ್ಲ. ಹಾಗಾಗಿ ಕೇಸ್ ಬೇಡ, ಮಾರ್ಚ್‌ಗೆ ಲೆಕ್ಕದ ವರ್ಷ ಮುಗಿಯುವ ಮೊದಲು ಆಡಿಟರ್ ಕೈಲಿ ಒಂದು ಮೆತ್ತಗಿನ ಪತ್ರ ಬರೆಸಿ ಎಂದೆ. ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವವರು ಆ ವರ್ಷದ ಖರ್ಚೆಂದು ತೆರಿಗೆಯಲ್ಲಿ ತೋರಿಸುವಂತಿಲ್ಲ, ಅಕೌಂಟ್ಸ್‌ನವರಿಗೆ ಅದನ್ನು ನೆನಪಿಸಿದರೆ ಸಾಕು. ಬ್ಯಾಂಕಿಗೆ ಮಾತ್ರ ಮೊದಲ ಕಂತು ತಪ್ಪುವ ಮುಂಚೆಯೇ ಹೋಗಿ ಎಂದೆ. ಕಂತಿನ ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಮೇಲೆ ಮಾತಾಡುವವರ ದನಿಯೇ ಬೇರೆ.

ಐದು ತಿಂಗಳಿಂದ ತಾವು ಸಂಬಳ ತೆಗೆದುಕೊಂಡಿಲ್ಲ, ಮನೆ ನಡೆಯುತ್ತಿರುವುದು ಕ್ರೆಡಿಟ್ ಕಾರ್ಡಿನಲ್ಲಿ ಎಂದು ಹೆಂಡತಿಗೆ ಹೇಳಿರಲಿಲ್ಲ. ಮೂರನೇ ಭೇಟಿಯಲ್ಲಿ ಅವರನ್ನೂ ಒಳಗೆ ಕರೆದೆವು. ಓನರ್ ತಡವರಿಸುತ್ತಾ ಶುರು ಮಾಡಿದರು.

"ರೀ, ಬ್ಯಾಂಕ್ ಮೆಸೇಜು ನಂಗೂ ಬರುತ್ತೆ. ಜಾಯಿಂಟ್ ಅಕೌಂಟ್ ಅಲ್ವಾ?" ಎಂದರು ಆಕೆ. "ನೀವೇ ಹೇಳ್ಲಿ ಅಂತ ಕಾಯ್ತಿದ್ದೆ."

ಶೆಡ್ ಖಾಲಿ ಮಾಡಲು ನೋಟಿಸ್ ಕೊಟ್ಟಿದ್ದಾರೆ. ಒಂದು ಮೆಷಿನ್ ನಷ್ಟಕ್ಕೇ ಮಾರಾಟವಾಯಿತು. ಕೆಲಸ ಹೋಗುವವರಿಗೆ ಲಾರಿ ಬರುವ ಮೊದಲು ನೀವೇ ಹೇಳಿ ಎಂದಿದ್ದೆ, ಹೇಳಿದ್ದಾರೆ. ಇಬ್ಬರಿಗೆ ಪಕ್ಕದ ಶಾಪಿನಲ್ಲಿ ಕೆಲಸವನ್ನೂ ಕೊಡಿಸಿದ್ದಾರೆ. ರಾತ್ರಿ ನಾಲ್ಕೈದು ಗಂಟೆ ನಿದ್ದೆ ಬರುತ್ತಿದೆಯಂತೆ.

ಅಣ್ಣನಿಗೆ ಇನ್ನೂ ಹೇಳಿಲ್ಲ.