ಟಿಕೆಟ್ ತಗೊಳ್ಳೋ ಮುಂಚೆ ಎದುರಾಳಿಗಳ ಬಸ್ ವಿಚಾರಿಸಿ

ನವೀನ್ ಅವ್ರೇ, ನಿಮ್ಮ ಪ್ರಶ್ನೆ ನೋಡ್ದೆ. ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ಗೆ ಹೊಸಬ್ರು, ಮನೆ ಎಲ್ಲಿ ಮಾಡ್ಲಿ, ಹಳೇ ಕಾರ್ ತಗೊಳ್ಲಾ, ಮತ್ತೆ ಹತ್ರದ ಊರಿನ ಒಂದು ಚಿಕ್ಕ ಪ್ರೊಫೆಷನಲ್ ಬಾಸ್ಕೆಟ್‌ಬಾಲ್ ಟೀಮಿನವ್ರು ರಾಜ್ಯೋತ್ಸವದ ಟೈಮಲ್ಲಿ ಕನ್ನಡದವ್ರಿಗೆ ಅಂತ ನೂರು ಟಿಕೆಟ್ ಅರ್ಧ ರೇಟಿಗೆ ಕೊಡ್ತಾರಂತೆ, ಹಾಫ್ ಟೈಮಲ್ಲಿ ಡೊಳ್ಳು ಕುಣಿತಕ್ಕೂ ಜಾಗ ಕೊಡ್ತಾರಂತೆ, ದುಡ್ಡು ಕಟ್ಬಹುದಾ ಅಂತ ಕೇಳಿದೀರ.

ಮನೆ ಆಫೀಸ್ ಹತ್ರ ನೋಡಿ, ಅಷ್ಟೇ. ಕಾರ್ ಹಳೇದಾದ್ರೂ ಪರ್ವಾಗಿಲ್ಲ, ಟೈರ್ ಚೆನ್ನಾಗಿರ್ಲಿ, ಯಾಕೆ ಅಂತ ಜನವರಿ ಹಿಮದಲ್ಲಿ ಗೊತ್ತಾಗುತ್ತೆ. ಮೂರನೇದಕ್ಕೆ ಮಾತ್ರ ಸ್ವಲ್ಪ ಉದ್ದ ಹೇಳ್ಬೇಕು.

ನಾನಿಲ್ಲಿಗೆ ಬಂದಿದ್ದು 2000ದ ಕೊನೇಲಿ. ಆಫೀಸಲ್ಲಿ ಒಬ್ರು ಇಲ್ಲಿನ ಕೊಲಿಸಿಯಮ್ ಸ್ಟೇಡಿಯಂಗೆ, ಊರಿನ ಆಗಿನ ಪ್ರೊಫೆಷನಲ್ ಟೀಮು ಫೋರ್ಟ್ ವೇನ್ ಫ್ಯೂರಿ ಮ್ಯಾಚಿಗೆ ಕರ್ಕೊಂಡು ಹೋಗಿದ್ರು. ಈ ಊರಿನವ್ರಿಗೆ ಬಾಸ್ಕೆಟ್‌ಬಾಲ್ ಅಂದ್ರೆ ಒಂಥರಾ ಹಕ್ಕು, ಯಾಕಂದ್ರೆ ಈಗ ಡೆಟ್ರಾಯ್ಟ್‌ನಲ್ಲಿರೋ ಎನ್‌ಬಿಎ ಟೀಮು ಪಿಸ್ಟನ್ಸ್ 1957ರ ತನಕ ಇಲ್ಲಿನ ಟೀಮು. ಫ್ಯೂರಿ ಆಡ್ತಿದ್ದ ಸಿಬಿಎ, ಅಂದ್ರೆ ಎನ್‌ಬಿಎಗಿಂತ ಕೆಳಗಿನ ಪ್ರೊಫೆಷನಲ್ ಲೀಗ್, 1946ರಿಂದ ನಡ್ಕೊಂಡು ಬಂದಿದ್ದು, 1999ರಲ್ಲಿ ಐಸಯ್ಯ ಥಾಮಸ್ ಅಂಥ ದೊಡ್ಡ ಆಟಗಾರ ಇಡೀ ಲೀಗನ್ನೇ ಕೊಂಡ್ಕೊಂಡಿದ್ರು. ಮುಂದಿನ ಸಲ ನಾನೇ ಟಿಕೆಟ್ ತೆಗೀತೀನಿ ಅಂದಿದ್ದೆ, 2001ರ ಫೆಬ್ರವರಿಲಿ ಸೀಸನ್ ಮಧ್ಯದಲ್ಲೇ ಲೀಗ್ ಮುಚ್ಚಿತು. ಅಮೆರಿಕದಲ್ಲೂ ಹೀಗಾಗುತ್ತಾ ಅಂತ ಬಾಯಿ ಬಿಟ್ಕೊಂಡು ಪೇಪರ್ ಓದಿದ್ದು ನೆನಪಿದೆ.

ಅದಕ್ಕಿಂತ ಕೆಳಗಿನ ಲೀಗ್‌ಗಳು ಇವೆಯಲ್ಲ, ಅಲ್ಲಿ ಟೀಮ್ ಕಟ್ಟೋಕೆ ದೊಡ್ಡ ಬಂಡವಾಳ ಬೇಕಿಲ್ಲ, ಹಾಗಾಗಿ ವರ್ಷಾ ವರ್ಷಾ ಹುಟ್ಟುತ್ವೆ, ಸಾಯ್ತವೆ, ಕೆಲವು ಒಂದು ಮ್ಯಾಚೂ ಆಡದೆ ಲೋಗೋ ಮಾತ್ರ ಬಿಟ್ಟು ಹೋಗ್ತವೆ. ನೀವು ಹೇಳಿದ ಟೀಮಿನ ಓನರ್ ಒಳ್ಳೇವ್ರೇ ಇರ್ಬಹುದು. ನೀವು ನೋಡ್ಬೇಕಾಗಿರೋದು ಅವ್ರನ್ನಲ್ಲ, ಎದುರಾಳಿನ. ಸಾಮಾನ್ಯವಾಗಿ ಗೇಟ್ ಕಲೆಕ್ಷನ್ ಪೂರ್ತಿ ಮನೆ ಟೀಮಿಗೆ, ಬರೋ ಟೀಮಿನ ವ್ಯಾನು, ಡೀಸೆಲ್ಲು, ರಾತ್ರಿ ಮೋಟೆಲ್ ಎಲ್ಲಾ ಅವ್ರದ್ದೇ ಖರ್ಚು. ಬಂದ್ರೆ ನಷ್ಟ, ಬರದಿದ್ರೆ ದಾಖಲೇಲಿ ಒಂದು ಸೋಲು ಅಷ್ಟೇ. ಆಟಗಾರ್ರಿಗೂ ಮ್ಯಾಚಿಗಿಷ್ಟು ಅಂತ ಪುಡಿಗಾಸು, ಕೆಲವ್ರಿಗೆ ಅದೂ ಇಲ್ಲ, ಸೋಮವಾರ ಬೆಳಿಗ್ಗೆ ವೇರ್‌ಹೌಸಲ್ಲಿ ಶಿಫ್ಟ್ ಇರುತ್ತೆ, ಎಂಟು ಗಂಟೆ ಡ್ರೈವ್ ಅಂದ್ರೆ ಅರ್ಧ ಜನ ಫೋನೇ ಎತ್ತಲ್ಲ, ಆ ಹುಡುಗ್ರನ್ನ ಬೈಯೋಕೂ ಮನಸ್ಸು ಬರಲ್ಲ. ಇತ್ತ ಮನೆ ಟೀಮಿನವ್ರು ಹಾಲ್ ಬಾಡಿಗೆ, ರೆಫ್ರಿ, ಇನ್ಶೂರೆನ್ಸ್ ಎಲ್ಲಾ ಕಟ್ಟಿ ಕಾಯ್ತಿರ್ತಾರೆ. ಹೆಣ್ಣಿನ ಕಡೆಯವ್ರು ಚೌಟ್ರಿ ಹಿಡ್ದು ಅಡುಗೆ ಮಾಡ್ಸಿ ಕೂತಿರುವಾಗ ಗಂಡಿನ ಕಡೆ ಬಸ್ಸೇ ಹೊರಡದ ಹಾಗೆ.

ನಮಗಾಗಿದ್ದು ಇದೇ. ಯಾವ ಟೀಮು, ಯಾವ ಲೀಗು ಅಂತ ಹೇಳಲ್ಲ, ಈಗ ಅದ್ರಿಂದ ಪ್ರಯೋಜನ ಇಲ್ಲ. ನಮ್ಮ ಕನ್ನಡ ಮನೆಗಳವ್ರೆಲ್ಲಾ ಸೇರಿ ಹೋಗಿದ್ವಿ, ಮಕ್ಕಳ ಕೈಲಿ ಅರಿಶಿನ ಕುಂಕುಮ ಬಾವುಟ, ಕಾರ್ ಡಿಕ್ಕೀಲಿ ಡೊಳ್ಳು. ನಮ್ಮ ಮಾವನವ್ರು ಆಗಷ್ಟೇ ಶಿವಮೊಗ್ಗದಿಂದ ಬಂದಿದ್ರು, ರಿಟೈರ್ಡ್ ಪಿಟಿ ಮೇಷ್ಟ್ರು, ಜೀವನವೆಲ್ಲಾ ಮಣ್ಣಿನ ಕೋರ್ಟಲ್ಲಿ ಹುಡುಗ್ರಿಗೆ ಲೇ ಅಪ್ ಕಲಿಸಿದವ್ರು, ಅಮೆರಿಕದಲ್ಲಿ ನಯಾಗರ ಬೇಡ ಒಂದು ನಿಜವಾದ ಮ್ಯಾಚ್ ತೋರ್ಸಪ್ಪ ಅಂದಿದ್ರು. ಏಳು ಗಂಟೆ ಮ್ಯಾಚು ಏಳೂಮುಕ್ಕಾಲಾದ್ರೂ ಶುರುವಾಗ್ಲಿಲ್ಲ. ಆಮೇಲೆ ಬಿಳಿ ಟೀ ಶರ್ಟಿನ ಬೆನ್ನ ಮೇಲೆ ಟೇಪಲ್ಲಿ ನಂಬರ್ ಅಂಟಿಸ್ಕೊಂಡ ಏಳು ಜನ ಬಂದ್ರು. ಮೈಕಲ್ಲಿ ಎದುರಾಳಿ ಟೀಮಿನ ಹೆಸರೇ ಕೂಗಿದ್ರು! ನಮ್ಮ ಪಕ್ಕದ್ಮನೆ ಹುಡುಗ ಎದ್ದು ನಿಂತು, ಅವ್ರಲ್ಲೊಬ್ರನ್ನ ತೋರ್ಸಿ, ಅಂಕಲ್ ಇವ್ರು ನಮ್ಮ ವೈಎಂಸಿಎ ಕೋಚು ಅಂದ. ಹಾಫ್ ಟೈಮಿಗೆ ಡಬಲ್ ಸ್ಕೋರು, ಜನ ಎದ್ದು ಹೋಗ್ತಿದ್ರು, ನಾವು ಖಾಲಿ ಕುರ್ಚಿಗಳ ಮುಂದೆ ಡೊಳ್ಳು ಬಾರ್ಸಿದ್ವಿ. ಚೆನ್ನಾಗೇ ಬಾರ್ಸಿದ್ವಿ, ಅದು ಬೇರೆ ಮಾತು.

ಮಾವ ಕಾರಲ್ಲಿ ಒಂದೇ ಮಾತಂದ್ರು: "ವಾಕೋವರ್ ಅಂತ ಬರೆದು ಎಲ್ರನ್ನೂ ಊಟಕ್ಕೆ ಕಳಿಸ್ಬೋದಿತ್ತು ಕಣಯ್ಯ, ಸುಳ್ಳು ಹೆಸರಲ್ಲಿ ಆಡ್ಸಬಾರ್ದಿತ್ತು." ಸರಿಯೇ ಅಲ್ವಾ, ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮದಲ್ಲೂ ಹದಿನೈದು ನಿಮಿಷ ಕಾದು ಐದು ಜನ ಬರದಿದ್ರೆ 20–0 ಅಂತ ಬರೀತಾರೆ, ಅದ್ರಲ್ಲಿ ಮರ್ಯಾದೆ ಹೋಗೋದೇನಿಲ್ಲ. ಇಂಡಿಯಾನಾಪೊಲಿಸ್‌ಗೆ ಅಲ್ಲಿನ ಎನ್‌ಬಿಎ ಟೀಮು ಪೇಸರ್ಸ್ ಮ್ಯಾಚಿಗೆ ಕರ್ಕೊಂಡು ಹೋಗೋಣ ಅನ್ನೋಷ್ಟ್ರಲ್ಲಿ ಅವ್ರ ವಾಪಸ್ ಟಿಕೆಟ್ ದಿನ ಬಂತು. ಮತ್ತೆ ಬರ್ಲಿಲ್ಲ ಅವ್ರು. ಟಿವಿಲಿ ಪೇಸರ್ಸ್ ಹಾಕ್ದಾಗೆಲ್ಲಾ ನಮ್ಮನೇಲಿ ಒಂದು ನಿಮಿಷ ಯಾರೂ ಮಾತಾಡಲ್ಲ.

ಹಾಗಂತ ಹೋಗ್ಲೇಬೇಡಿ ಅನ್ನಲ್ಲ. ಎದುರಾಳಿ ಟೀಮಿನ ಹೋದ ವರ್ಷದ ಶೆಡ್ಯೂಲ್ ತೆಗೆದು ನೋಡಿ, ಅವ್ರ ಊರಲ್ಲಿ ಆಡಿದ ಮ್ಯಾಚಿಗೆಲ್ಲಾ ಸ್ಕೋರ್ ಇದ್ದು ಹೊರಗಿನ ಮ್ಯಾಚಿನ ಮುಂದೆ ಖಾಲಿ ಇದ್ರೆ ಅಲ್ಲಿಗೆ ಅರ್ಥ ಆಯ್ತು. ಎರಡು ಮೂರು ಗಂಟೆ ದೂರದ ಟೀಮ್ ಇರೋ ದಿನವೇ ಕೇಳಿ. ದುಡ್ಡು ಕಟ್ಟೋದಾದ್ರೆ, ಹೇಳಿದ ಟೀಮೇ ಬರದಿದ್ರೆ ಪೂರ್ತಿ ವಾಪಸ್ ಅಂತ ಇಮೇಲಲ್ಲಿ ಬರೆಸ್ಕೊಳ್ಳಿ, ಬಾಯಿ ಮಾತು ಬೇಡ, ನಮ್ಮೂರ ಹಾಗೆ ಓನರ್ ಮನೆಗೆ ಹೋಗಿ ಜಗಲಿ ಮೇಲೆ ಕೂರೋಕೆ ಇಲ್ಲಿ ಆಗಲ್ಲ. ಸೀಸನ್ ಪಾಸಂತೂ ಬೇಡ್ವೇ ಬೇಡ. ಜಿ ಲೀಗ್ ಆದ್ರೆ ಯೋಚ್ನೆ ಇಲ್ಲ, ಅದು ಎನ್‌ಬಿಎ ನಡ್ಸೋದು, ಎದುರಾಳಿ ಬಂದೇ ಬರ್ತಾರೆ. ನಮ್ಮ ಸತ್ನಾಮ್ ಸಿಂಗ್ 2015ರಲ್ಲಿ ಎನ್‌ಬಿಎ ಟೀಮು ಡಲ್ಲಾಸ್‌ಗೆ ಆಯ್ಕೆಯಾದ್ಮೇಲೆ ಆಡಿದ್ದೂ ಅದೇ ಲೀಗಲ್ಲಿ, ಆಗ ಡಿ ಲೀಗ್ ಅಂತಿದ್ರು.

ಇನ್ನೊಂದು, ನಿಮಗೆ ಬರೀ ಒಳ್ಳೇ ಆಟ ಬೇಕು ಅಂದ್ರೆ ಹೈಸ್ಕೂಲ್ ಮ್ಯಾಚಿಗೆ ಹೋಗಿ, ಶುಕ್ರವಾರ ರಾತ್ರಿ. ಇಂಡಿಯಾನಾದಲ್ಲಿ ಅದೇ ಜಾತ್ರೆ, ನ್ಯೂ ಕ್ಯಾಸಲ್ ಊರಿನ ಹೈಸ್ಕೂಲ್ ಜಿಮ್ ಪ್ರಪಂಚದ ಅತಿ ದೊಡ್ಡ ಹೈಸ್ಕೂಲ್ ಜಿಮ್‌ಗಳಲ್ಲೊಂದು. ಅಲ್ಲಿ ಎದುರಾಳಿಗಳು ಹಳದಿ ಸ್ಕೂಲ್ ಬಸ್ಸಲ್ಲಿ ಮುಂಚೇನೇ ಬಂದಿರ್ತಾರೆ, ಹಿಂದೆ ಅವ್ರಪ್ಪ ಅಮ್ಮಂದ್ರೂ ಬಂದಿರ್ತಾರೆ. ನೀವೂ ಒಂದರ್ಧ ಗಂಟೆ ಮುಂಚೆ ಹೋಗಿ, ಪಾರ್ಕಿಂಗ್ ಸಿಗಲ್ಲ.