ಕನ್ನಡಿ ಕುಕ್ಕುವ ಸೂರಕ್ಕಿ

ಪ್ರಶ್ನೆ: ದಿನಾ ಬೆಳಿಗ್ಗೆ ಪುಟ್ಟ ಸೂರಕ್ಕಿಯೊಂದು ನಮ್ಮ ಕಾರಿನ ಕನ್ನಡಿಗೆ ಕುಕ್ಕುತ್ತದೆ. ಹೊಟ್ಟೆಗಿಲ್ಲದೆ ಹೀಗೆ ಮಾಡುತ್ತಿದೆಯಾ? ಸಕ್ಕರೆ ನೀರು ಇಡಲಾ? – ಓದುಗರು, ಮೈಸೂರು

ಉತ್ತರ: ಹಸಿವಲ್ಲ, ಜಗಳ! ಕನ್ನಡಿಯಲ್ಲಿ ಕಾಣುವುದು ಇನ್ನೊಂದು ಗಂಡು ಅಂತ ಅದರ ಲೆಕ್ಕ. ಮರಿ ಮಾಡುವ ಕಾಲದಲ್ಲಿ ಇದು ಜಾಸ್ತಿ. ನಮ್ಮ ಸ್ಕೂಟರಿನ ಕನ್ನಡಿಗೂ ಇದೇ ಗತಿಯಾಗಿತ್ತು. ಹಳೇ ಕಾಲುಚೀಲ ತೊಡಿಸಿದೆ. ಅಕ್ಕಪಕ್ಕದವರು ನಕ್ಕರು, ಹಕ್ಕಿ ಸುಮ್ಮನಾಯಿತು.

ಸಕ್ಕರೆ ನೀರು ಬೇಡ. ದಾಸವಾಳ, ಕೇಪಳ, ರತ್ನಗಂಧಿ ಇದ್ದರೆ ಸಾಕು. ದಾಸವಾಳದ ಹತ್ತಿರ ಸುಮ್ನೆ ಐದು ನಿಮಿಷ ನಿಂತು ನೋಡಿ. ಎಷ್ಟೋ ಸಲ ಅದು ಹೂವಿನ ಬಾಯಿಗೆ ಹೋಗುವುದೇ ಇಲ್ಲ. ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಹೀರುತ್ತದೆ. ಶುದ್ಧ ಕಳ್ಳತನ ಅಲ್ವಾ?

ಇನ್ನೊಂದು ಮಾತು. ಜೇಡರ ಬಲೆಯನ್ನೆಲ್ಲ ಗುಡಿಸಿ ಹಾಕಬೇಡಿ. ಮರಿಗಳಿಗೆ ಹುಳ, ಜೇಡ ಬೇಕು. ಗೂಡು ಹೆಣೆಯಲೂ ಬಲೆಯ ನೂಲೇ ಬೇಕು. ನಮ್ಮ ದಾಳಿಂಬೆ ಗಿಡದಲ್ಲಿ ತೂಗುತ್ತಿದ್ದ ಗೂಡನ್ನು ನಾನು ವಾರವಿಡೀ ಒಣ ಕಸ ಅಂದುಕೊಂಡಿದ್ದೆ. ಒಂದು ದಿನ ಅದರಿಂದ ಬಾಗಿದ ಕೊಕ್ಕು ಇಣುಕಿತು.